ನಾಯಿ, ಬೆಕ್ಕು: ಮನೆಯೊಳಗೋ, ಹೊರಗೋ?

ಉಡುಪಿ ಜಿಲ್ಲೆಯಲ್ಲಿ ನಾಯಿಯಿಲ್ಲದ ಕೃಷಿಕರ ಮನೆ ಅಪರೂಪ. ತೆಂಗು, ಅಡಿಕೆ ತೋಟದ ಕಾವಲಿಗೆ ನಾಯಿ ಬೇಕು. ಅಕ್ಕಿಮುಡಿ, ಬೈಹುಲ್ಲು, ಕೊಬ್ಬರಿಯನ್ನು ಇಲಿಗಳಿಂದ ಉಳಿಸಲು ಬೆಕ್ಕು ಬೇಕು. ಆದರೆ ಇವುಗಳನ್ನು ಎಲ್ಲಿ ಇಡಬೇಕು ಎಂಬ ಬಗ್ಗೆ ನಾವು ಯೋಚಿಸುವುದು ಕಡಿಮೆ. ಹಸುವಿಗೆ ಹಟ್ಟಿ ಕಟ್ಟುತ್ತೇವೆ, ಕೋಳಿಗೆ ಗೂಡು ಮಾಡುತ್ತೇವೆ. ನಾಯಿಗೆ ಮಾತ್ರ ಹಗಲಿಗೊಂದು ಸರಪಳಿ, ರಾತ್ರಿಗೆ ಇಡೀ ಊರು. ಬೆಕ್ಕಿಗಂತೂ ಯಾವ ಕಟ್ಟಳೆಯೂ ಇಲ್ಲ.

ಹಗಲು ಕಟ್ಟಿಹಾಕಿ ರಾತ್ರಿ ಬಿಚ್ಚಿಬಿಡುವ ಈ ರೂಢಿ ಹಳೆಯದು. ಹಗಲು ಹೊತ್ತು ಕೆಲಸದಾಳುಗಳು, ನೆಂಟರು, ಅಂಚೆಯವರು ಬಂದುಹೋಗುವುದರಿಂದ ಕಚ್ಚಬಾರದೆಂದು ಕಟ್ಟುವುದು. ರಾತ್ರಿ ಕಳ್ಳರ, ಕಾಡುಹಂದಿಗಳ ಕಾವಲಿಗೆಂದು ಬಿಡುವುದು. ಮನೆಗಳು ದೂರದೂರ ಇದ್ದು ವಾಹನಗಳು ವಿರಳವಾಗಿದ್ದ ಕಾಲದಲ್ಲಿ ಇದು ಹೇಗೋ ನಡೆದುಬಂತು. ಇಂದಿನ ಪರಿಸ್ಥಿತಿಯಲ್ಲಿ ಇದು ನಾಯಿಗೂ, ಮನೆಯವರಿಗೂ, ಹಟ್ಟಿಯ ದನಗಳಿಗೂ ಅಪಾಯಕಾರಿ. ಏಕೆ ಅಪಾಯ, ಅದಕ್ಕೆ ಬದಲಾಗಿ ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕಡಿಯಾಳಿಯಿಂದ ಕಾರ್ಕಳದವರೆಗೆ

ಎಲ್ಲ ಊರಿನ ಅಪಾಯಗಳೂ ಒಂದೇ ಬಗೆಯವಲ್ಲ. ಕಡಿಯಾಳಿಯನ್ನೇ ತೆಗೆದುಕೊಳ್ಳಿ. ಮಹಿಷಮರ್ದಿನಿ ದೇವಸ್ಥಾನದಿಂದ ಹೆಸರಾದ ಈ ಊರು ಈಗ ಉಡುಪಿ ನಗರಕ್ಕೇ ಸೇರಿದೆ. ಮಲ್ಪೆಯಿಂದ ಉಡುಪಿ, ಮಣಿಪಾಲ, ಹೆಬ್ರಿ, ಆಗುಂಬೆ ಮಾರ್ಗವಾಗಿ ತೀರ್ಥಹಳ್ಳಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎ ಇದರ ಮೂಲಕವೇ ಹಾದುಹೋಗುತ್ತದೆ. ಇಂಥ ಕಡೆ ಮನೆಯ ಹಿತ್ತಿಲಲ್ಲಿ ನಾಲ್ಕಾರು ತೆಂಗಿನ ಮರಗಳಿರುತ್ತವೆ, ಎದುರಿಗೆ ಹೆದ್ದಾರಿ ಇರುತ್ತದೆ. ರಾತ್ರಿ ಬಿಟ್ಟ ನಾಯಿಗೆ ಇಲ್ಲಿ ಮೊದಲ ಶತ್ರು ಲಾರಿ, ಬಸ್ಸುಗಳ ಚಕ್ರ. ಎರಡನೆಯ ಶತ್ರು ಬೀದಿನಾಯಿಗಳ ಹಿಂಡು. ಅಡ್ಡ ಬಂದ ನಾಯಿಯನ್ನು ತಪ್ಪಿಸಹೋಗಿ ಬೈಕ್ ಸವಾರರು ಬಿದ್ದು ಕೈಕಾಲು ಮುರಿದುಕೊಳ್ಳುವುದೂ ಉಂಟು.

ಕಾಪು, ಮಲ್ಪೆಯ ಕಡಲತೀರದಲ್ಲಿ ಮೀನಿನ ತ್ಯಾಜ್ಯಕ್ಕೆ ಬೀದಿನಾಯಿಗಳು ಗುಂಪುಗೂಡುತ್ತವೆ. ಮನೆಯ ನಾಯಿಯೂ ಅಲ್ಲಿಗೆ ಸೇರಿಕೊಂಡರೆ ಕಜ್ಜಿ, ಜಂತುಹುಳು, ಕಚ್ಚಿದ ಗಾಯಗಳನ್ನು ಹೊತ್ತು ಮರಳುತ್ತದೆ. ಪೂರ್ವಕ್ಕೆ ಕಾರ್ಕಳ, ಹೆಬ್ರಿ ಕಡೆ ಗುಡ್ಡ, ಹಾಡಿ, ಕಾಡು ಹೆಚ್ಚು. ಅಲ್ಲಿ ರಾತ್ರಿಯ ನಾಯಿಗೆ ಚಿರತೆಯ ಭಯ.

ಚಿರತೆ ಅಂಗಳಕ್ಕೆ ಬರುವುದೇಕೆ?

ಅಂಗಳದ ನಾಯಿಯನ್ನು ಚಿರತೆ ಹೊತ್ತೊಯ್ದ ಸುದ್ದಿ, ನಾಯಿಯನ್ನು ಅಟ್ಟಿಸಿಕೊಂಡು ಬಂದು ಕಟ್ಟೆಯಿಲ್ಲದ ಬಾವಿಗೆ ಬಿದ್ದ ಸುದ್ದಿ ಕರಾವಳಿಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಾಡಿನಲ್ಲಿ ಆಹಾರವಿಲ್ಲದ್ದರಿಂದ ಚಿರತೆ ಊರಿಗೆ ಬರುತ್ತದೆ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಆದರೆ ಊರಿನಲ್ಲಿ ಸುಲಭವಾಗಿ ಆಹಾರ ಸಿಗುತ್ತದೆ ಎಂಬುದೂ ಅಷ್ಟೇ ದೊಡ್ಡ ಕಾರಣ.

ಮಹಾರಾಷ್ಟ್ರದ ಅಕೋಲೆ ಪ್ರದೇಶದ ಕಬ್ಬಿನ ಗದ್ದೆಗಳ ನಡುವೆ ಬದುಕುವ ಚಿರತೆಗಳ ಹಿಕ್ಕೆಯನ್ನು ವಿಜ್ಞಾನಿಗಳು ಪರೀಕ್ಷಿಸಿ ಅವು ಏನನ್ನು ತಿನ್ನುತ್ತವೆ ಎಂದು ಲೆಕ್ಕ ಹಾಕಿದ್ದಾರೆ. ತೂಕದ ಲೆಕ್ಕದಲ್ಲಿ ಆಹಾರದ 87 ಭಾಗ ಸಾಕುಪ್ರಾಣಿಗಳೇ ಆಗಿದ್ದವು. ನಾಯಿ ಒಂದೇ ಶೇಕಡಾ 39, ಬೆಕ್ಕು ಶೇಕಡಾ 15. ಆ ಪ್ರದೇಶದಲ್ಲಿ ಆಡುಗಳ ಸಂಖ್ಯೆ ನಾಯಿಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಆದರೂ ಚಿರತೆಯ ಆಹಾರದಲ್ಲಿ ಆಡಿನ ಪಾಲು ಶೇಕಡಾ 11 ಮಾತ್ರ.

ರೈತರು ಗಮನಿಸಬೇಕಾದ ಅಂಶ ಇದೇ. ಆಡು ಬೆಲೆಬಾಳುವ ಪ್ರಾಣಿಯೆಂದು ಅದನ್ನು ರಾತ್ರಿ ಕೊಟ್ಟಿಗೆಯಲ್ಲಿ ಕೂಡುತ್ತಾರೆ. ನಾಯಿ, ಬೆಕ್ಕುಗಳು ಹೊರಗಿರುತ್ತವೆ. ಹೊರಗಿದ್ದುದು ಚಿರತೆಯ ಪಾಲಾಗುತ್ತದೆ, ಒಳಗಿದ್ದುದು ಉಳಿಯುತ್ತದೆ. ನಾಯಿಯ ರುಚಿ ಕಂಡ ಚಿರತೆ ಅದೇ ಅಂಗಳಕ್ಕೆ ಮತ್ತೆ ಬರುವ ಸಂಭವವಿದೆ. ಅದೇ ಅಂಗಳದಲ್ಲಿ ಮುಂಜಾವ ಹಾಲು ಕರೆಯಲು ಹೊರಡುವ ಹೆಂಗಸರೂ, ಆಡುವ ಮಕ್ಕಳೂ ಇರುತ್ತಾರೆ ಎಂಬುದನ್ನು ಮರೆಯಬಾರದು. ಆದ್ದರಿಂದ ರಾತ್ರಿ ನಾಯಿಯನ್ನು ಒಳಗಿಡುವುದೆಂದರೆ ಮನೆಯವರನ್ನೂ ರಕ್ಷಿಸಿದಂತೆ.

ಅಂಗಳದಲ್ಲಿ ಸರಪಳಿಯಿಂದ ಬಿಗಿದ ನಾಯಿಯ ಸ್ಥಿತಿ ಬಿಟ್ಟ ನಾಯಿಗಿಂತಲೂ ಕಷ್ಟದ್ದು. ಅದಕ್ಕೆ ಓಡಲೂ ಆಗದು, ಅವಿತುಕೊಳ್ಳಲೂ ಆಗದು.

ತಿರುಗಾಡುವ ನಾಯಿಗೆ ಇತರ ಅಪಾಯಗಳು

ಕಾಡುಹಂದಿಗೆ ಇಟ್ಟ ಉರುಳು, ಸಿಡಿಮದ್ದಿನ ಉಂಡೆ, ಅಕ್ರಮವಾಗಿ ವಿದ್ಯುತ್ ಹಾಯಿಸಿದ ಬೇಲಿ ಇವುಗಳಿಗೆ ಮೊದಲು ಬಲಿಯಾಗುವುದು ಹಲವು ಸಲ ನೆರೆಮನೆಯ ನಾಯಿ. ಇಲಿ ಪಾಷಾಣ ತಿಂದು ಸತ್ತ ಇಲಿ, ಕೀಟನಾಶಕ ಕಲಸಿದ ಬಾಲ್ದಿಯ ನೀರು ನಾಯಿ ಬೆಕ್ಕುಗಳಿಗೆ ಮಾರಕವಾಗಬಲ್ಲವು. ಫೋರೇಟ್ ಹರಳಿನ ಮಾರಾಟ, ಬಳಕೆ ನಮ್ಮ ದೇಶದಲ್ಲಿ 2020ರ ಅಂತ್ಯದಿಂದ ನಿಷೇಧವಾಗಿದೆ. ಹಳೆಯ ದಾಸ್ತಾನು ಕೊಟ್ಟಿಗೆಯ ಅಟ್ಟದ ಮೇಲೆ ಉಳಿದಿದ್ದರೆ ಅದನ್ನು ಬಳಸದೆ, ಪ್ರಾಣಿಗಳಿಗೆ ಎಟುಕದಂತೆ ಬೀಗ ಹಾಕಿಟ್ಟು, ವಿಲೇವಾರಿಯ ಬಗ್ಗೆ ಕೃಷಿ ಇಲಾಖೆಯವರಲ್ಲಿ ವಿಚಾರಿಸಿರಿ.

ಹಾವಿನ ವಿಷಯವೂ ಇದೆ. ನಾಗರ, ಕನ್ನಡಿಹಾವು, ಕಟ್ಟುಹಾವುಗಳು ರಾತ್ರಿ ಬೈಹುಲ್ಲಿನ ಕುತ್ತರಿ, ಕಟ್ಟಿಗೆ ರಾಶಿ, ದರೆಯ ಬಿಲಗಳ ಬಳಿ ಇಲಿಗಳಿಗಾಗಿ ಬರುತ್ತವೆ. ಕುತೂಹಲದಿಂದ ಮೂಗು ತೂರಿದ ನಾಯಿಗೆ ಮುಖದ ಮೇಲೇ ಕಚ್ಚು ಬೀಳುತ್ತದೆ.

ಪಶ್ಚಿಮ ಘಟ್ಟದ ತಪ್ಪಲಿನವರು ಉಣ್ಣಿಯ ಬಗ್ಗೆಯೂ ಎಚ್ಚರವಹಿಸಬೇಕು. ಮಂಗನ ಕಾಯಿಲೆಯನ್ನು 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾಯಿತು. ಅದನ್ನು ಹರಡುವುದು ಕಾಡಿನ ಉಣ್ಣಿ. ನವೆಂಬರ್‌ನಿಂದ ಮೇ ತಿಂಗಳವರೆಗೆ ಸಣ್ಣ ಉಣ್ಣಿಗಳ ಕಾಟ ಹೆಚ್ಚು. ಈ ತಿಂಗಳುಗಳಲ್ಲಿ ಕಾಡಿಗೆ ನುಗ್ಗಿ ಬಂದ ನಾಯಿ ಮೈತುಂಬ ಉಣ್ಣಿ ಹೊತ್ತು ನೇರವಾಗಿ ಜಗಲಿಗೆ ಬಂದು ಮಲಗುವುದು ಒಳ್ಳೆಯದಲ್ಲ.

ಹುಚ್ಚುನಾಯಿ ರೋಗ

ಎಲ್ಲಕ್ಕಿಂತ ದೊಡ್ಡ ಅಪಾಯ ರೇಬೀಸ್ ಅಥವಾ ಹುಚ್ಚುನಾಯಿ ರೋಗದ್ದು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಇದಕ್ಕೆ ಚಿಕಿತ್ಸೆ ಇಲ್ಲವೆಂದೇ ಹೇಳಬೇಕು. ಸಾವು ಬಹುತೇಕ ಖಚಿತ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಈ ರೋಗದಿಂದ ಸಾಯುತ್ತಾರೆ. ಮನುಷ್ಯರಿಗೆ ತಗಲುವ ರೇಬೀಸ್‌ನಲ್ಲಿ ಶೇಕಡಾ 99ರವರೆಗೆ ನಾಯಿಯಿಂದಲೇ ಬರುತ್ತದೆ. ಹೆಚ್ಚಾಗಿ ಬಲಿಯಾಗುವವರು ಹಳ್ಳಿಯ ಬಡವರು ಮತ್ತು ಮಕ್ಕಳು. ಮಕ್ಕಳು ಗಿಡ್ಡವಾಗಿರುವುದರಿಂದ ಕಚ್ಚು ಮುಖ, ಕುತ್ತಿಗೆಗೆ ಬೀಳುತ್ತದೆ. ಅಲ್ಲಿಂದ ಮೆದುಳಿಗೆ ದಾರಿ ಹತ್ತಿರ. ಬೈಗುಳಕ್ಕೆ ಹೆದರಿ ಮಕ್ಕಳು ಪರಚಿದ್ದನ್ನು ಹೇಳದೆ ಇರುವುದೂ ಉಂಟು.

ರಾತ್ರಿ ಊರು ಸುತ್ತುವ ನಾಯಿಗೆ ಎಲ್ಲಿ, ಯಾವುದು ಕಚ್ಚಿತು ಎಂಬುದು ಯಜಮಾನನಿಗೆ ತಿಳಿಯುವುದಿಲ್ಲ. ಬೆಳಿಗ್ಗೆ ಕಿವಿಯಲ್ಲೊಂದು ಗಾಯ ಕಂಡರೆ ಅರಸಿನ ಹಚ್ಚಿ ಸುಮ್ಮನಾಗುತ್ತೇವೆ. ರೋಗಾಣು ದೇಹವನ್ನು ಹೊಕ್ಕು ಲಕ್ಷಣ ತೋರಲು ಕೆಲವು ವಾರಗಳಿಂದ ಕೆಲವು ತಿಂಗಳು ಹಿಡಿಯಬಹುದು. ಆ ಹೊತ್ತಿಗೆ ಗಾಯದ ನೆನಪೇ ಇರುವುದಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ಇಲ್ಲಿ ಉಪಯೋಗಕ್ಕೆ ಬಾರದು. ರೋಗ ಬಂದ ಎಲ್ಲ ನಾಯಿಗಳೂ ಅಟ್ಟಿಸಿಕೊಂಡು ಬರುವುದಿಲ್ಲ. ಕೆಲವು ಮಂಕಾಗಿ ಕತ್ತಲ ಮೂಲೆ ಸೇರುತ್ತವೆ. ದವಡೆ ಜೋತುಬಿದ್ದು ಜೊಲ್ಲು ಸುರಿಸುತ್ತವೆ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ತಿಳಿದು ಬಾಯಿಗೆ ಕೈ ಹಾಕಿದವರು ಅಪಾಯಕ್ಕೆ ಸಿಲುಕುತ್ತಾರೆ.

ಬಯಲಲ್ಲಿ ಮೇಯುವ ಹಸುವಿಗೂ ಹುಚ್ಚುನಾಯಿ ಕಚ್ಚಬಹುದು. ಅಂಥ ಹಸುವಿನ ಹಸಿ ಹಾಲನ್ನು ಯಾರೂ ಕುಡಿಯಬಾರದು. ತಡಮಾಡದೆ ಪಶುವೈದ್ಯರಿಗೆ ತಿಳಿಸಬೇಕು; ಕಚ್ಚಿದ ನಂತರವೂ ದನಗಳಿಗೆ ಕ್ರಮವಾಗಿ ಲಸಿಕೆ ಕೊಡಿಸಲು ಅವಕಾಶವಿದೆ.

ಹಟ್ಟಿಗೂ ನಾಯಿಗೂ ಇರುವ ನಂಟು

ಹೈನುಗಾರಿಕೆ ಮಾಡುವವರು ಇನ್ನೂ ಮೂರು ರೋಗಗಳ ಬಗ್ಗೆ ತಿಳಿದಿರಬೇಕು.

ಮೊದಲನೆಯದು ನಿಯೋಸ್ಪೊರಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಗರ್ಭಪಾತ. ಈ ಜೀವಿ ನಾಯಿಯ ಕರುಳಿನಲ್ಲಿ ಬೆಳೆದು ಮಲದೊಂದಿಗೆ ಹೊರಬೀಳುತ್ತದೆ. ನಾಯಿ ಬೈಹುಲ್ಲಿನ ಮೇಲೆ, ಹಸಿಹುಲ್ಲಿನ ತಾಕಿನಲ್ಲಿ ಮಲ ಹಾಕಿದರೆ ಮೇವಿನ ಮೂಲಕ ಹಸುವಿಗೆ ತಗಲುತ್ತದೆ. ಗಬ್ಬದ ಹಸು ನಡುವಿನ ತಿಂಗಳುಗಳಲ್ಲಿ ಕಂದು ಹಾಕಬಹುದು. ಹಸು ಕರು ಹಾಕಿದಾಗ ಬೀಳುವ ಮಾಸನ್ನೋ ಸತ್ತ ಕರುವನ್ನೋ ನಾಯಿ ತಿಂದರೆ ರೋಗ ಮತ್ತೆ ನಾಯಿಗೆ ಮರಳುತ್ತದೆ. ಹೀಗೆ ಇದು ಹಟ್ಟಿಗೂ ಅಂಗಳಕ್ಕೂ ನಡುವೆ ಸುತ್ತುತ್ತಿರುತ್ತದೆ. ಮಾಸನ್ನು ನಾಯಿಗೆ ಎಸೆಯದೆ ಮೂರು ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದು, ಬೈಹುಲ್ಲಿನ ಕೊಟ್ಟಿಗೆಗೆ ನಾಯಿ ನುಗ್ಗದಂತೆ ತಡೆಯುವುದು ಇದಕ್ಕೆ ಸುಲಭ ಉಪಾಯ.

ಎರಡನೆಯದು ಇಲಿ ಜ್ವರ. ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ ಮಳೆಗಾಲ ಬಂತೆಂದರೆ ಗದ್ದೆ, ತೋಟದ ಕೆಸರಿನಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಈ ಜ್ವರದ ಭಯ. ಇಲಿಯ ಮೂತ್ರದಂತೆ ಸೋಂಕು ತಗಲಿದ ನಾಯಿ, ದನಗಳ ಮೂತ್ರದಿಂದಲೂ ರೋಗಾಣು ನೀರಿಗೆ ಸೇರುತ್ತದೆ. ತೋಡು, ಕೊಳಚೆಗಳಲ್ಲಿ ಓಡಾಡಿ ಬರುವ ನಾಯಿ ಇದನ್ನು ಅಂಗಳಕ್ಕೆ ತರಬಲ್ಲದು.

ಮೂರನೆಯದು ಹೈಡಾಟಿಡ್ ಗಡ್ಡೆ. ಆಡು, ಕುರಿ, ದನಗಳ ಹಸಿ ಶ್ವಾಸಕೋಶ, ಪಿತ್ತಜನಕಾಂಗಗಳನ್ನು ತಿಂದ ನಾಯಿಯ ಹೊಟ್ಟೆಯಲ್ಲಿ ಒಂದು ಬಗೆಯ ಪುಟ್ಟ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆ ಕೈ, ತರಕಾರಿಗಳ ಮೂಲಕ ಮನುಷ್ಯರ ಹೊಟ್ಟೆ ಸೇರಿದರೆ ಪಿತ್ತಜನಕಾಂಗದಲ್ಲಿ, ಶ್ವಾಸಕೋಶದಲ್ಲಿ ನೀರುಗಡ್ಡೆಗಳಾಗುತ್ತವೆ. ಮಾಂಸದ ಅಂಗಡಿಯ ತ್ಯಾಜ್ಯಕ್ಕೆ ಅಲೆಯುವ ನಾಯಿಗೆ ಇದು ತಗಲುವ ಸಂಭವ ಹೆಚ್ಚು.

ಬೆಕ್ಕಿನ ವಿಚಾರ

ಹೊರಗೆ ಬಿಡದಿದ್ದರೆ ಬೆಕ್ಕು ಇಲಿ ಹಿಡಿಯುವುದು ಹೇಗೆ ಎಂದು ರೈತರು ಕೇಳುವುದು ಸಹಜ. ಬೆಕ್ಕು ಸುಂಡಿಲಿಗಳನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ದೊಡ್ಡ ಹೆಗ್ಗಣಗಳ ಮಟ್ಟಿಗೆ ಅದನ್ನು ನಂಬುವಂತಿಲ್ಲ. ಅಮೆರಿಕದ ನ್ಯೂಯಾರ್ಕ್ ನಗರದ ಒಂದು ಕಸ ಸಂಸ್ಕರಣಾ ಘಟಕದಲ್ಲಿ 79 ದಿನ ಕ್ಯಾಮರಾ ಇಟ್ಟು ನೋಡಿದಾಗ ಅಲ್ಲಿನ ಬೆಕ್ಕುಗಳು ಕೊಂದ ಹೆಗ್ಗಣಗಳು ಎರಡೇ ಎಂದು 2018ರಲ್ಲಿ ವರದಿಯಾಗಿದೆ. ನಮ್ಮಲ್ಲಿ ಎಳನೀರು, ಬಲಿಯದ ಕಾಯಿಗಳನ್ನು ಕೊರೆಯುವ ಇಲಿ ತೆಂಗಿನ ಮರದ ಸುಳಿಯಲ್ಲೇ ವಾಸಿಸುತ್ತದೆ. ನೆಲದ ಮೇಲೆ ತಿರುಗುವ ಬೆಕ್ಕಿಗೆ ಅದು ಸಿಗುವುದು ಅಪರೂಪ. ಅದಕ್ಕೆ ಕಾಂಡದ ಸುತ್ತ ನೆಲದಿಂದ 2 ಮೀಟರ್ ಎತ್ತರದಲ್ಲಿ ತಗಡಿನ ಪಟ್ಟಿ ಬಿಗಿಯುವುದು, ಐದು ಮರಗಳಿಗೆ ಒಂದರಂತೆ ಸುಳಿಯಲ್ಲಿ 10 ಗ್ರಾಂ ಬ್ರೊಮಾಡಿಯೋಲೋನ್ ಬಿಲ್ಲೆಯನ್ನು 12 ದಿನಗಳ ಅಂತರದಲ್ಲಿ ಎರಡು ಸಲ ಇಡುವುದು ಸರಿಯಾದ ಕ್ರಮ. ಸತ್ತು ಬಿದ್ದ ಇಲಿಗಳನ್ನು ಅಂದಂದೇ ಹೂಳಬೇಕು. ಇಲ್ಲವಾದರೆ ಅದೇ ವಿಷ ಬೆಕ್ಕಿನ ಹೊಟ್ಟೆ ಸೇರುತ್ತದೆ.

ಬೆಕ್ಕಿನ ನಿಜವಾದ ಉಪಯೋಗ ಮನೆಯೊಳಗೆ: ಅಟ್ಟ, ಕಣಜ, ಕೊಬ್ಬರಿ ಕೋಣೆ, ಹಿಂಡಿ ಚೀಲಗಳ ಬಳಿ. ಅಂದರೆ ಬೆಕ್ಕನ್ನು ಒಳಗಿಟ್ಟರೆ ಅದರ ಕೆಲಸ ತಪ್ಪುವುದಿಲ್ಲ. ಕೆಲಸ ಇರುವ ಜಾಗದಲ್ಲೇ ಅದನ್ನು ಇಟ್ಟಂತಾಗುತ್ತದೆ.

ಹೊರಗೆ ತಿರುಗುವ ಬೆಕ್ಕು ಇಲಿಗಳಿಗಷ್ಟೇ ತೃಪ್ತಿಪಡುವುದಿಲ್ಲ. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ನಮ್ಮ ತೋಟಗಳಲ್ಲಿ ಹುಳು ಹೆಕ್ಕುವ ಮಡಿವಾಳ ಹಕ್ಕಿ, ಗುಬ್ಬಚ್ಚಿ, ಹರಟೆಮಲ್ಲಗಳೂ ರೈತರ ಮಿತ್ರರೇ. ಅವುಗಳನ್ನು ಕಳೆದುಕೊಂಡರೆ ನಷ್ಟ ನಮಗೆ.

ಬೆಕ್ಕಿನ ಮಲದಿಂದ ಟಾಕ್ಸೋಪ್ಲಾಸ್ಮಾ ಎಂಬ ರೋಗ ಹರಡುವುದುಂಟು. ಇದು ಗಬ್ಬದ ಆಡುಗಳಲ್ಲಿ ಗರ್ಭಪಾತಕ್ಕೆ ಕಾರಣವಾಗುತ್ತದೆ. ಗರ್ಭಿಣಿಯರಿಗೆ ಮೊದಲ ಬಾರಿ ಸೋಂಕು ತಗಲಿದರೆ ಮಗುವಿಗೆ ತೊಂದರೆಯಾಗಬಹುದು. ಮಲದಲ್ಲಿನ ರೋಗಬೀಜ ಬಲಿತು ಸೋಂಕು ಹರಡುವಂತಾಗಲು ಒಂದರಿಂದ ಐದು ದಿನ ಬೇಕು. ಆದ್ದರಿಂದ ಬೆಕ್ಕಿಗೆ ಮನೆಯೊಳಗೆ ಮರಳು ಅಥವಾ ಮರದ ಹೊಟ್ಟು ತುಂಬಿದ ತಟ್ಟೆ ಇಟ್ಟು ದಿನವೂ ಚೊಕ್ಕಟ ಮಾಡಿದರೆ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಈ ಕೆಲಸವನ್ನು ಗರ್ಭಿಣಿಯರು ಮಾಡಬಾರದು. ತರಕಾರಿ ಮಡಿಯಲ್ಲಿ, ಬೈಹುಲ್ಲಿನಲ್ಲಿ ಮಲ ಹಾಕುವ ಬೆಕ್ಕಿಗೆ ಈ ಕಟ್ಟಳೆ ಮಾಡುವುದು ಅಸಾಧ್ಯ.

ಸದಾ ಒಳಗಿಟ್ಟರೆ ಸರಿಯೇ?

ಹೊರಗೆ ಇಷ್ಟೊಂದು ಅಪಾಯ ಎಂದ ಮಾತ್ರಕ್ಕೆ ನಾಯಿಯನ್ನು ದಿನವಿಡೀ ಗೂಡಿನಲ್ಲಿ ಕೂಡಿಹಾಕುವುದೂ ತಪ್ಪು. ಓಡಾಟವಿಲ್ಲದ ನಾಯಿ ಬೊಜ್ಜು ಬೆಳೆಸುತ್ತದೆ, ಸಿಡುಕಾಗುತ್ತದೆ, ಕಾಲು ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ. ಜನರನ್ನು ಕಂಡು ಅಭ್ಯಾಸವಿಲ್ಲದ, ಸದಾ ಸರಪಳಿಯಲ್ಲಿದ್ದ ನಾಯಿ ಒಮ್ಮೆ ಕಳಚಿಕೊಂಡರೆ ಮಕ್ಕಳ ಮೇಲೆರಗುವ ಭಯ ಹೆಚ್ಚು. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯಂತೂ ಓಡುವುದಕ್ಕೇ ಹುಟ್ಟಿದ ತಳಿ. ಅದನ್ನು ತಂದು ಕಟ್ಟಿಹಾಕುವುದಾದರೆ ಸಾಕದಿರುವುದೇ ಲೇಸು. ಕರಾವಳಿಯ ಸೆಕೆಗೆ ದಟ್ಟ ಕೂದಲಿನ ವಿದೇಶಿ ತಳಿಗಳಿಗಿಂತ ಊರ ನಾಯಿಯೇ ಹೆಚ್ಚು ಹೊಂದುತ್ತದೆ.

ಕಾನೂನೂ ಇದನ್ನೇ ಹೇಳುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮಿನ ಪ್ರಕಾರ ಪ್ರಾಣಿಯನ್ನು ತೀರ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಅತಿ ಹೆಚ್ಚು ಹೊತ್ತು ಕಟ್ಟುವುದು ಅಪರಾಧ. ಸದಾ ಕಟ್ಟಿರುವ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದೂ ಅಪರಾಧ. ಇನ್ನೊಂದೆಡೆ, ತಾನು ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದ ಯಜಮಾನನಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹೀಗೆ ಕಟ್ಟಿಯೇ ಇಡುವುದೂ ಸಲ್ಲದು, ಬಿಟ್ಟೇ ಬಿಡುವುದೂ ಸಲ್ಲದು.

ಸೂಕ್ತವಾದ ಕ್ರಮ

ಹಾಗಾದರೆ ದಾರಿ ಯಾವುದು? ನಮ್ಮ ಹಳೆಯ ರೂಢಿಯನ್ನು ತಿರುವುಮುರುವು ಮಾಡುವುದೇ ದಾರಿ. ನಾಯಿಯನ್ನು ಹಗಲಲ್ಲಿ ಕಣ್ಣಳತೆಯಲ್ಲಿ, ಆವರಣದೊಳಗೆ ಬಿಡಬೇಕು. ರಾತ್ರಿ ಗೂಡಿನಲ್ಲಿ ಕೂಡಬೇಕು. ರಾತ್ರಿ ಕೂಡಿದರೆ ಕಾವಲು ಹೇಗೆ ಎಂಬ ಸಂಶಯ ಬೇಡ. ನಾಯಿ ಕಾವಲು ಕಾಯುವುದು ಮುಖ್ಯವಾಗಿ ಕಿವಿ, ಮೂಗು ಮತ್ತು ಗಂಟಲಿನಿಂದ. ಜಗಲಿಯ ಪಕ್ಕದ ಗೂಡಿನಲ್ಲಿದ್ದರೂ ಅದು ಅಪರಿಚಿತರ ಹೆಜ್ಜೆ ಕೇಳಿ ಬೊಗಳಿ ಎಬ್ಬಿಸುತ್ತದೆ. ಊರಾಚೆ ಅಲೆಯಲು ಹೋದ ನಾಯಿಯಾದರೋ ಕಳ್ಳ ಬಂದಾಗ ಮನೆಯಲ್ಲೇ ಇರುವುದಿಲ್ಲ.

ದಿನಚರಿ ಹೀಗಿರಲಿ:

1. ಬೆಳಿಗ್ಗೆ ಬೆಳಕು ಹರಿದ ಮೇಲೆ ಗೂಡಿನಿಂದ ಬಿಟ್ಟು, ಹಗ್ಗ ಹಿಡಿದು ಅರ್ಧ ಗಂಟೆ ತೋಟದಲ್ಲಿ ನಡೆಸಿರಿ.

2. ಹಗಲು ಬೇಲಿಯೊಳಗೆ ಬಿಡಿರಿ. ಬೇಲಿಯಿಲ್ಲದಿದ್ದರೆ ಎರಡು ತೆಂಗಿನ ಮರಗಳ ನಡುವೆ ಆಳೆತ್ತರದಲ್ಲಿ 25 ಅಡಿ ಗಟ್ಟಿ ಸರಿಗೆ ಎಳೆದು, ಅದಕ್ಕೆ ಬಳೆ ತೊಡಿಸಿ, ಬಳೆಗೆ ಹಗ್ಗ ಕಟ್ಟಿದರೆ ನಾಯಿ ಆಚೀಚೆ ಓಡಾಡಬಲ್ಲದು. ನೆರಳು, ನೀರು ಎಟುಕುವಂತಿರಲಿ. ಹಗ್ಗ ಮರಕ್ಕೆ ಸುತ್ತಿಕೊಳ್ಳದಂತೆ ಸರಿಗೆಯ ಎರಡು ತುದಿಗಳಲ್ಲೂ ತಡೆ ಇರಲಿ.

3. ಸಂಜೆ ಇನ್ನೊಮ್ಮೆ ನಡೆಸಿ, ಮೈಯಲ್ಲಿ ಉಣ್ಣಿ ಇವೆಯೇ ಎಂದು ಕಿವಿ, ಬೆರಳ ಸಂದುಗಳನ್ನು ನೋಡಿರಿ. ಹೊಸ ಗಾಯಗಳಿದ್ದರೂ ಆಗಲೇ ಕಣ್ಣಿಗೆ ಬೀಳುತ್ತವೆ.

4. ಕತ್ತಲಾಗುವ ಮೊದಲು ಗೂಡಿನೊಳಗೇ ಊಟ ಹಾಕಿ ಬಾಗಿಲು ಹಾಕಿರಿ. ಅಲ್ಲೇ ಊಟ ಸಿಗುತ್ತದೆಂದು ತಿಳಿದ ನಾಯಿ ಕೆಲವೇ ದಿನಗಳಲ್ಲಿ ತಾನಾಗಿ ಒಳಗೆ ಹೋಗುತ್ತದೆ. ಉಳಿದ ಅನ್ನ, ಮೀನಿನ ತಲೆಗಳನ್ನು ಅಂಗಳದಲ್ಲಿ ಚೆಲ್ಲಬೇಡಿ. ಅದು ಬೀದಿನಾಯಿಗಳನ್ನು ಕರೆಯುತ್ತದೆ, ಆ ನಾಯಿಗಳು ಚಿರತೆಯನ್ನು ಕರೆಯುತ್ತವೆ.

5. ಬೆಕ್ಕಿಗೂ ಸಂಜೆಯ ಊಟ ಮನೆಯೊಳಗೇ ಇರಲಿ. ರಾತ್ರಿ ಹೊರಬಾಗಿಲು ಹಾಕಿ, ಅಟ್ಟದ ದಾರಿ ತೆರೆದಿಡಿರಿ. ಉಗುರು ಮಸೆಯಲು ಒಂದು ಮರದ ತುಂಡು, ಹೊರಗೆ ನೋಡಲು ಸರಳಿನ ಕಿಟಕಿ ಇದ್ದರೆ ಅದಕ್ಕೆ ಬೇಸರವಾಗದು.

ಗೂಡು ಕಟ್ಟುವ ರೀತಿ

ಮಧ್ಯಮ ಗಾತ್ರದ ನಾಯಿಗೆ 6 ಅಡಿ ಉದ್ದ, 4 ಅಡಿ ಅಗಲ, 5 ಅಡಿ ಎತ್ತರದ ಗೂಡು ಸಾಕು. ನಮ್ಮಲ್ಲಿ ಸಿಗುವ ಕೆಂಪುಕಲ್ಲಿನಿಂದಲೇ ಮೂರು ಗೋಡೆ ಎಬ್ಬಿಸಬಹುದು. ನೆಲ ಅಂಗಳಕ್ಕಿಂತ ಒಂದು ಅಡಿ ಎತ್ತರವಿದ್ದು, ತೊಳೆದ ನೀರು ಹರಿದುಹೋಗುವಂತೆ ತುಸು ಇಳಿಜಾರಾಗಿರಲಿ. ಕರಾವಳಿಯಲ್ಲಿ ಮಳೆ ನೈಋತ್ಯದಿಂದ ಬೀಸಿ ಬಡಿಯುವುದರಿಂದ ತೆರೆದ ಬದಿ ಪೂರ್ವಕ್ಕೋ ಉತ್ತರಕ್ಕೋ ಇರಬೇಕು. ಆ ಬದಿಗೆ ದಪ್ಪ ಕಬ್ಬಿಣದ ಬೆಸುಗೆ ಜಾಲರಿ, ಗಟ್ಟಿ ಚಿಲಕ ಬೇಕು. ಕೋಳಿಗೂಡಿನ ತೆಳು ಬಲೆಯನ್ನು ಚಿರತೆ ಸುಲಭವಾಗಿ ಹರಿಯುತ್ತದೆ. ಹೆಂಚಿನ ಅಡಿಯಲ್ಲೂ ಜಾಲರಿ ಹಾಸಿರಿ. ಮಲಗಲು ಅಡಿಕೆ ಮರದ ಸಲಿಕೆಗಳ ಮಂಚ, ಅದರ ಮೇಲೊಂದು ಗೋಣಿ ಸಾಕು. ಗೋಣಿಯನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕಿರಿ. ಗೂಡು ಮನೆಗೆ ತಾಗಿದಂತೆಯೇ ಇರಲಿ, ಬೈಹುಲ್ಲಿನ ಕುತ್ತರಿಯಿಂದ ದೂರವಿರಲಿ. ಬಾವಿಗೆ ಮೂರು ಅಡಿಯ ಕಟ್ಟೆಯನ್ನೂ ಜೊತೆಗೇ ಕಟ್ಟಿಸಿರಿ.

ಲಸಿಕೆ ಮತ್ತು ಸಂತಾನಹರಣ

ಒಳಗಿದ್ದ ಮಾತ್ರಕ್ಕೆ ಲಸಿಕೆ ಬೇಡವೆಂದಲ್ಲ. ಒಂದು ದಿನ ಬಾಗಿಲು ತೆರೆದು ಉಳಿದರೂ ಸಾಕು. ಕೆಳಗಿನ ಕ್ರಮವನ್ನು ಪಶುವೈದ್ಯರ ಸಲಹೆಯಂತೆ ಅನುಸರಿಸಿರಿ:

1. ಮರಿಗೆ ಎರಡು ವಾರದಿಂದ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಬಳಿಕ ಮೂರು ತಿಂಗಳಿಗೊಮ್ಮೆ ಜಂತುಹುಳುವಿನ ಔಷಧ.

2. ಆರರಿಂದ ಎಂಟು ವಾರದಲ್ಲಿ ಡಿಸ್ಟೆಂಪರ್, ಪಾರ್ವೋ, ಇಲಿ ಜ್ವರ ಮೊದಲಾದವುಗಳ ಸಂಯುಕ್ತ ಲಸಿಕೆಯ ಆರಂಭ. ಮೂರು ನಾಲ್ಕು ವಾರಗಳ ಅಂತರದಲ್ಲಿ ಮುಂದಿನ ಚುಚ್ಚುಮದ್ದುಗಳು.

3. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಕೆಲವು ವಾರಗಳ ಬಳಿಕ ಇನ್ನೊಮ್ಮೆ, ನಂತರ ಪ್ರತಿ ವರ್ಷ ತಪ್ಪದೆ. ಬೆಕ್ಕಿಗೂ ಇದು ಅಗತ್ಯ.

ಒಂದು ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ಆ ಊರಿನಲ್ಲಿ ರೇಬೀಸ್ ಹರಡುವ ಸರಪಳಿ ಕಡಿದುಬೀಳುತ್ತದೆ ಎಂಬುದು ತಜ್ಞರ ಅಭಿಪ್ರಾಯ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅದರ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ಲಸಿಕಾ ಶಿಬಿರಗಳು ನಡೆಯುತ್ತವೆ. ನೆರೆಹೊರೆಯವರು ಕೂಡಿ ಎಲ್ಲ ನಾಯಿಗಳನ್ನೂ ಒಂದೇ ದಿನ ಕರೆದೊಯ್ಯುವುದು ಉತ್ತಮ.

ಹೆಣ್ಣುನಾಯಿ ವರ್ಷಕ್ಕೆ ಸುಮಾರು ಎರಡು ಸಲ ಬೆದೆಗೆ ಬರುತ್ತದೆ, ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಬೇಡವಾದ ಹೆಣ್ಣುಮರಿಗಳನ್ನು ಗೋಣಿಯಲ್ಲಿ ತುಂಬಿ ಮೀನು ಮಾರುಕಟ್ಟೆಯ ಬಳಿಯೋ ದೂರದ ಗುಡ್ಡದಲ್ಲೋ ಬಿಟ್ಟುಬರುವ ಪರಿಪಾಠ ನಿಲ್ಲಬೇಕು. ಇಂದಿನ ಬೀದಿನಾಯಿಗಳಲ್ಲಿ ಎಷ್ಟೋ ನಿನ್ನೆ ಯಾರದೋ ಮನೆಯ ಮರಿಗಳು. ಬೀದಿನಾಯಿಗಳಿಗೆ ಸಂತಾನಹರಣ ಮತ್ತು ಲಸಿಕೆ ಹಾಕಿಸುವುದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಂತೆ ಸ್ಥಳೀಯ ಸಂಸ್ಥೆಗಳ ಹೊಣೆ. ನಮ್ಮ ಮನೆಯ ನಾಯಿ ಬೆಕ್ಕುಗಳ ಹೊಣೆ ನಮ್ಮದೇ. ಶಸ್ತ್ರಚಿಕಿತ್ಸೆಯಾದ ನಾಯಿ ಅಲೆಯುವುದೂ ಕಡಿಮೆಯಾಗುತ್ತದೆ. ಕಾವಲಿನ ಗುಣವೇನೂ ಕುಂದುವುದಿಲ್ಲ.

ಔಷಧದ ವಿಷಯದಲ್ಲಿ ಎರಡು ಎಚ್ಚರಿಕೆಗಳು: ದನಗಳ ಉಣ್ಣಿಗೆ ಬಳಸುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ದ್ರಾವಣವನ್ನು ಬೆಕ್ಕಿಗೆ ಹಚ್ಚಬಾರದು. ಜ್ವರಕ್ಕೆಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಬಾರದು. ಇವೆರಡೂ ಅದಕ್ಕೆ ವಿಷ.

ಕಚ್ಚಿದರೆ ಏನು ಮಾಡಬೇಕು?

ನಾಯಿ ಅಥವಾ ಬೆಕ್ಕು ಕಚ್ಚಿದರೆ, ಪರಚಿದರೆ ಗಾಯವನ್ನು ತಕ್ಷಣವೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ನಂತರ ಅಯೋಡಿನ್‌ನಂಥ ಔಷಧ ಹಚ್ಚಬೇಕು. ಮೆಣಸಿನ ಪುಡಿ, ಸುಣ್ಣ, ಎಣ್ಣೆ, ಸೊಪ್ಪಿನ ರಸ ಹಚ್ಚಕೂಡದು. ಬಟ್ಟೆ ಬಿಗಿದು ಕಟ್ಟಕೂಡದು. ನಾಟಿ ಮದ್ದು, ತಾಯಿತ ಎಂದು ಕಾಲಹರಣ ಮಾಡದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದಿನ ಭಯ ಹಿರಿಯರಲ್ಲಿ ಇನ್ನೂ ಉಳಿದಿದೆ. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ 2004ರ ಅಂತ್ಯಕ್ಕೆ ನಿಲ್ಲಿಸಲಾಗಿದೆ. ಈಗ ತೋಳಿಗೆ ನಾಲ್ಕೈದು ಭೇಟಿಗಳಲ್ಲಿ ಚುಚ್ಚುಮದ್ದು ಮುಗಿಯುತ್ತದೆ. ಗಾಯ ಆಳವಾಗಿದ್ದರೆ ಗಾಯದ ಸುತ್ತ ಪ್ರತಿರೋಧಕ ದ್ರವವನ್ನೂ ಕೊಡುತ್ತಾರೆ. ಕಚ್ಚಿದ್ದು ಮನೆಯ ನಾಯಿಯೇ ಆದರೂ ಮೊದಲ ಚುಚ್ಚುಮದ್ದನ್ನು ತಡಮಾಡಬಾರದು. ನಾಯಿಯನ್ನು ಕೊಲ್ಲದೆ ಹತ್ತು ದಿನ ಕೂಡಿಹಾಕಿ ಗಮನಿಸಬೇಕು. ಅದು ಆರೋಗ್ಯವಾಗಿದೆಯೇ ಎಂಬುದರ ಮೇಲೆ ವೈದ್ಯರು ಮುಂದಿನದನ್ನು ನಿರ್ಧರಿಸುತ್ತಾರೆ. ಗೂಡಿರುವ ಮನೆಗೆ ಇದು ಸುಲಭ. ಊರು ಸುತ್ತುವ ನಾಯಿಯನ್ನು ಹತ್ತು ದಿನ ಹುಡುಕುವವರು ಯಾರು?

ಕೊನೆಯ ಮಾತು

ಗೂಡಿಗೆ ನೂರಿನ್ನೂರು ಕೆಂಪುಕಲ್ಲು, ಒಂದಿಷ್ಟು ಜಾಲರಿ, ಎರಡು ದಿನದ ಕೂಲಿ. ಇದರಿಂದ ಉಳಿಯುವುದು ನಾಯಿಯ ಜೀವವೊಂದೇ ಅಲ್ಲ. ಹಸುವಿನ ಗಬ್ಬ, ನೆರೆಯವರ ಸ್ನೇಹ, ಎಲ್ಲಕ್ಕಿಂತ ಹೆಚ್ಚಾಗಿ ಮಕ್ಕಳ ಜೀವ. ಹಗಲು ಕಣ್ಣೆದುರು, ರಾತ್ರಿ ಬಾಗಿಲೊಳಗೆ, ವರ್ಷಕ್ಕೊಮ್ಮೆ ಲಸಿಕೆ ಎಂಬ ಮೂರು ಮಾತುಗಳನ್ನು ಪಾಲಿಸಿದರೆ ಸಾಕು. ಹೆಚ್ಚಿನ ಮಾಹಿತಿಗೆ ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸಬಹುದು. ದನಕರುಗಳ ತುರ್ತು ಚಿಕಿತ್ಸೆಗೆ ಉಚಿತ ದೂರವಾಣಿ ಸಂಖ್ಯೆ 1962ಕ್ಕೆ ಕರೆ ಮಾಡಬಹುದು. ಗೂಡಿನ ಕೆಲಸವನ್ನು ಮಳೆ ಹಿಡಿಯುವ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು.